ಪೀಠಿಕೆಯಲ್ಲಿ ದೇವರು ಇರಬೇಕೇ: ಮ್ಯೂನಿಕ್‌ನಿಂದ ಒಂದು ಅನಿಸಿಕೆ

ಜರ್ಮನಿಯ ಈಗಿನ ಸಂವಿಧಾನ ಜಾರಿಗೆ ಬಂದದ್ದು 1949ರ ಮೇ ತಿಂಗಳಲ್ಲಿ. ದೇವರ ಮುಂದೆ ಮತ್ತು ಮನುಷ್ಯರ ಮುಂದೆ ತನಗಿರುವ ಹೊಣೆಯನ್ನು ಅರಿತು ಜರ್ಮನ್ ಜನತೆ ಇದನ್ನು ರೂಪಿಸಿಕೊಂಡಿದೆ ಎಂದೇ ಅದರ ಪೀಠಿಕೆ ಶುರುವಾಗುತ್ತದೆ. ಅದೇ ವರ್ಷ ಅಕ್ಟೋಬರ್ 17ರಂದು ದೆಹಲಿಯ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ನಮ್ಮ ಪೀಠಿಕೆಯೂ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಲಿ ಅಂತ ತಿದ್ದುಪಡಿ ತಂದರು. ಪರವಾಗಿ 41, ವಿರುದ್ಧವಾಗಿ 68 ಮತ. ತಿದ್ದುಪಡಿ ಬಿದ್ದುಹೋಯಿತು.

ಮ್ಯೂನಿಕ್‌ನಲ್ಲಿ ನೆಲೆಸಿರುವ ನನಗೆ ಈ ಎರಡೂ ಪೀಠಿಕೆಗಳು ಜೊತೆಜೊತೆಯಾಗಿಯೇ ನೆನಪಾಗುತ್ತವೆ. ಯುರೋಪಿನವರು ಧರ್ಮವನ್ನು ಮನೆಯೊಳಗಿಟ್ಟು ಬೀದಿಗೆ ಬರುತ್ತಾರೆ ಎಂದು ಊರಿನ ಗೆಳೆಯರು ಹೇಳುವುದುಂಟು. ಫ್ರಾನ್ಸಿನ ಮಟ್ಟಿಗೆ ಅದರಲ್ಲಿ ಸತ್ಯವಿದೆ. 1905ರ ಕಾನೂನು ಅಲ್ಲಿ ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿತು. ಇಲ್ಲಿ ಹಾಗಲ್ಲ. ಮನೆ ವಿಳಾಸ ನೋಂದಾಯಿಸಲು ಹೋದರೆ ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಎಂದೋ ಪ್ರಾಟೆಸ್ಟಂಟ್ ಎಂದೋ ಬರೆದರೆ, ಕಟ್ಟುವ ಆದಾಯ ತೆರಿಗೆಯ ಶೇ. 8ರಷ್ಟನ್ನು ಚರ್ಚ್ ತೆರಿಗೆಯಾಗಿ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಶಾಲೆಯಲ್ಲಿ ಧರ್ಮದ ಪೀರಿಯಡ್ ಬಂತೆಂದರೆ ಕ್ಯಾಥೊಲಿಕ್ ಮಕ್ಕಳು ಒಂದು ಕೋಣೆಗೆ, ಪ್ರಾಟೆಸ್ಟಂಟರು ಇನ್ನೊಂದಕ್ಕೆ, ಉಳಿದವರು ನೀತಿಪಾಠಕ್ಕೆ.

ನನ್ನ ಮಗಳು ಆ ನೀತಿಪಾಠದವಳು. ಕೊಟ್ಟ ಮಾತನ್ನು ಯಾಕೆ ಉಳಿಸಿಕೊಳ್ಳಬೇಕು ಎಂಬ ಚರ್ಚೆ ನಡೆದಾಗ, ಹುಲಿಗೆ ಮಾತು ಕೊಟ್ಟು ಕರುವಿಗೆ ಹಾಲೂಡಿಸಿ ಮರಳಿದ ಹಸುವಿನ ಕಥೆಯನ್ನು ಅವಳು ಹೇಳಿದಳಂತೆ. ಟೀಚರ್ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ‘ಸರಿ, ದೇವರನ್ನೇ ನಂಬದವನಿಗೂ ಆ ಹಸು ಮಾಡಿದ್ದು ಸರಿ ಅಂತ ಹೇಗೆ ಹೇಳುತ್ತೀ?’ ಎಂದರಂತೆ. ಪಕ್ಕದಲ್ಲಿದ್ದ, ಚರ್ಚು ಬಿಟ್ಟ ಮನೆಯ ಹುಡುಗಿಯನ್ನೂ ಅವರು ಬಿಡಲಿಲ್ಲ: ‘ಈ ಕಥೆಯಲ್ಲಿ ನೀನು ಒಪ್ಪುವಂಥದ್ದು ಏನಿದೆ, ಹುಡುಕಿ ಹೇಳು.’ ಇಬ್ಬರಿಗೂ ಕೆಲಸ ಕೊಟ್ಟರಲ್ಲ, ಅದು ನನಗೆ ಬಹಳ ಹಿಡಿಸಿತು.

ಇದೇ ಊರಿನ ಕ್ಯಾಥೊಲಿಕ್ ಅಕಾಡೆಮಿಯಲ್ಲಿ 2004ರ ಜನವರಿ 19ರಂದು ತತ್ವಶಾಸ್ತ್ರಜ್ಞ ಯುರ್ಗನ್ ಹಾಬರ್ಮಾಸ್ ಮತ್ತು ಕಾರ್ಡಿನಲ್ ಯೋಸೆಫ್ ರಾಟ್ಸಿಂಗರ್ ಎದುರುಬದುರು ಕೂತಿದ್ದರು. ಮರುವರ್ಷ ರಾಟ್ಸಿಂಗರ್ ಪೋಪ್ ಆದರು. ಸೆಕ್ಯುಲರ್ ರಾಜ್ಯವು ತಾನೇ ಹುಟ್ಟಿಸಲಾಗದ ನೈತಿಕ ಬಲದ ಮೇಲೆ ನಿಂತಿದೆಯೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಧರ್ಮದ ಮಾತಿನಲ್ಲಿರುವ ತಿರುಳನ್ನು ಎಲ್ಲರಿಗೂ ತಿಳಿಯುವಂತೆ ಹೇಳುವ ಶ್ರಮದಲ್ಲಿ ನಂಬದವರೂ ಕೈಜೋಡಿಸಬೇಕು ಎಂದರು ಹಾಬರ್ಮಾಸ್. ಧರ್ಮಕ್ಕೂ ರೋಗ ತಗಲುತ್ತದೆ, ವಿಚಾರಶಕ್ತಿಗೂ ತಗಲುತ್ತದೆ, ಒಂದು ಇನ್ನೊಂದನ್ನು ತಿದ್ದುತ್ತಿರಬೇಕು ಎಂದರು ರಾಟ್ಸಿಂಗರ್. ಕ್ರೈಸ್ತ ಶ್ರದ್ಧೆಯಾಗಲಿ ಪಶ್ಚಿಮದ ವೈಚಾರಿಕತೆಯಾಗಲಿ ಇಡೀ ಜಗತ್ತು ಒಪ್ಪಿದ ಮಾತಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಭಾರತದ ‘ಧರ್ಮ’ದ ಕಲ್ಪನೆಯನ್ನು ಹೆಸರಿಸಿದರು ಕೂಡ. ಆದರೆ ಹೆಸರಿಸಿ ಮುಂದೆ ಹೋದರು. ನನ್ನ ಕೊರಗು ಇರುವುದು ಅಲ್ಲೇ. ಅವರಿಬ್ಬರೂ ಆ ಸಂಜೆ ಹುಡುಕುತ್ತಿದ್ದುದರ ಒಂದು ಪಾಲು ನಮ್ಮ ಸಂವಿಧಾನ ಸಭೆಯ ನಡಾವಳಿಯಲ್ಲಿ ಆಗಲೇ ಇತ್ತು.

ಕಾಮತ್ ಅವರ ತಿದ್ದುಪಡಿಯನ್ನು ವಿರೋಧಿಸಿದವರು ದೇವರಿಲ್ಲ ಎಂದು ವಾದಿಸಲಿಲ್ಲ. ವಿಚಾರ, ಅಭಿವ್ಯಕ್ತಿ, ನಂಬಿಕೆ, ಧರ್ಮಶ್ರದ್ಧೆ, ಉಪಾಸನೆಯ ಸ್ವಾತಂತ್ರ್ಯವನ್ನು ಕೊಡುವ ಪೀಠಿಕೆಯೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರಿದರೆ ಹೇಗೆ ಎಂದು ಹೃದಯನಾಥ ಕುಂಜ್ರು ಕೇಳಿದರು. ದೇವರ ವಿಷಯದಲ್ಲಿ ಮತ ಹಾಕಿಸುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕಾಮತ್‌ರನ್ನು ಬೇಡಿಕೊಂಡರು. ದೇವರ ಮೇಲಿನ ಗೌರವದಿಂದಲೇ ದೇವರ ಹೆಸರನ್ನು ಸರ್ಕಾರದ ಕಾಗದದಿಂದ ದೂರವಿಡುವ ಮಾತು ಅದು. ಅಂಥದೇ ಮಾತನ್ನು ನಾನು ಇಲ್ಲಿ ಕೇಳಿದ್ದು 2018ರಲ್ಲಿ. ಬವೇರಿಯದ ಸರ್ಕಾರಿ ಕಚೇರಿಗಳ ಬಾಗಿಲಲ್ಲಿ ಶಿಲುಬೆ ತೂಗುಹಾಕಬೇಕು ಎಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದಾಗ ಮ್ಯೂನಿಕ್‌ನ ಆರ್ಚ್‌ಬಿಷಪ್ ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್ ಅವರೇ ಅದನ್ನು ಬಹಿರಂಗವಾಗಿ ಟೀಕಿಸಿದರು.

ಹಾಗಾಗಿ ಸೆಕ್ಯುಲರಿಸಂ ಎಂದರೆ ನಾಸ್ತಿಕರ ಸೊತ್ತು, ಆಸ್ತಿಕರಿಗೆ ಹಾಕಿದ ಬೇಲಿ ಎಂಬ ಮಾತನ್ನು ನಾನು ಒಪ್ಪಲಾರೆ. ದೇವರ ಹೆಸರು ಅಧಿಕಾರದ ಕೈಗೆ ಸಿಕ್ಕರೆ ಮೊದಲು ಕೆಡುವುದು ಭಕ್ತಿಯೇ ಎಂದು ಬಲ್ಲವರು ಭಕ್ತರು. ಈಗ ನಮ್ಮಲ್ಲಿ ಒಬ್ಬರು ‘ಭಾವನೆಗೆ ಧಕ್ಕೆಯಾಯಿತು’ ಎಂದು ಎದ್ದುಹೋಗುತ್ತಾರೆ, ಇನ್ನೊಬ್ಬರು ‘ಎಲ್ಲ ಮೂಢನಂಬಿಕೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಎದುರಿಗಿದ್ದವನಿಗೆ ಕಾರಣ ಹೇಳುವ ಶ್ರಮ ಇಬ್ಬರಿಗೂ ಬೇಡವಾಗಿದೆ. ಅದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಕರ್ನಾಟಕದ ಶಾಲೆಗಳಲ್ಲಿ ಪೀಠಿಕೆ ಓದಿಸುತ್ತಿದ್ದಾರೆ. ಒಳ್ಳೆಯದು. ಹೈಸ್ಕೂಲು ಮಕ್ಕಳಿಗೆ ಅಕ್ಟೋಬರ್ 17ರ ಚರ್ಚೆಯನ್ನೂ ಕನ್ನಡದಲ್ಲಿ ಓದಿಸಲಿ. ಅರ್ಧ ತರಗತಿ ಕಾಮತ್ ಪರ ನಿಂತು ವಾದಿಸಲಿ, ಅರ್ಧ ಕುಂಜ್ರು ಪರ. ಮಾರನೆಯ ದಿನ ಪಕ್ಷ ಬದಲಾಯಿಸಿಕೊಳ್ಳಲಿ.