ಸೈನಿಕನಿಗೆ ಹಾಕುವ ಹಾರ, ಸೈನಿಕ ಹೇಳುವ ಅಹವಾಲು

ಜರ್ಮನಿಯಲ್ಲಿ ನೆಲೆಸಿರುವ ನನ್ನಂಥವರಿಗೆ ಇಲ್ಲಿನ ಜನರು ತಮ್ಮ ಸೈನಿಕರನ್ನು ಕಾಣುವ ರೀತಿ ಬಹಳ ಕಾಲ ಅರ್ಥವಾಗುವುದಿಲ್ಲ. ಸಮವಸ್ತ್ರ ಧರಿಸಿದ ಸೈನಿಕರಿಗೆ 2020ರ ಜನವರಿಯಿಂದ ರೈಲು ಪ್ರಯಾಣ ಉಚಿತವಾಗಿದೆ. ಸೇನೆ ಜನರ ಕಣ್ಣಿಗೆ ಬೀಳಲಿ ಎಂಬುದೂ ಆ ಸೌಲಭ್ಯದ ಉದ್ದೇಶಗಳಲ್ಲಿ ಒಂದು. ಶುಕ್ರವಾರ ಸಂಜೆ ದೊಡ್ಡ ಚೀಲ ಹೊತ್ತು ಊರಿಗೆ ಹೊರಟ ಯುವಕ ಯುವತಿಯರು ಬೋಗಿಗೆ ಹತ್ತಿದಾಗ ಯಾರೂ ಎದ್ದು ಜಾಗ ಬಿಡುವುದಿಲ್ಲ, ಯಾರೂ ಮಾತನಾಡಿಸುವುದಿಲ್ಲ, ಹಾಗೆಂದು ಮುಖ ಸಿಂಡರಿಸುವುದೂ ಇಲ್ಲ. 2005ರಲ್ಲಿ, ಸೇನೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಆಗಿನ ರಾಷ್ಟ್ರಾಧ್ಯಕ್ಷ ಹೋರ್ಸ್ಟ್ ಕೋಲರ್ ಈ ಮನೋಭಾವವನ್ನು ಸ್ನೇಹಪೂರ್ವಕ ನಿರಾಸಕ್ತಿ ಎಂದು ಕರೆದಿದ್ದರು. ವಿಮಾನ ನಿಲ್ದಾಣದಲ್ಲಿ ಸೈನಿಕರನ್ನು ಮೊದಲು ಹತ್ತಿಸಿ, ಅಪರಿಚಿತರೂ ನಿಂತು ಧನ್ಯವಾದ ಹೇಳುವ ಅಮೆರಿಕದಿಂದ ಬಂದವರಿಗಂತೂ ಇದು ಕೃತಘ್ನತೆಯಂತೆಯೇ ತೋರುತ್ತದೆ.

ಆದರೆ ಈ ನಿರಾಸಕ್ತಿಯ ಹಿಂದೆ ಭಾರವಾದ ಇತಿಹಾಸವಿದೆ. ಹಿಟ್ಲರನ ಹೆಸರಿನಲ್ಲೇ ಪ್ರಮಾಣ ಸ್ವೀಕರಿಸಿದ್ದ ಸೇನೆಯೊಂದು ಯುರೋಪನ್ನು ಸುಟ್ಟುಹಾಕಿ ಹತ್ತೇ ವರ್ಷಗಳಾಗಿದ್ದಾಗ, ಅಂದರೆ 1955ರಲ್ಲಿ, ಪಶ್ಚಿಮ ಜರ್ಮನಿ ಹೊಸ ಸೇನೆ ಕಟ್ಟಿತು. ಕಟ್ಟಿದವರಿಗೇ ಅದರ ಬಗ್ಗೆ ಅನುಮಾನವಿತ್ತು. ಸೈನಿಕನೆಂದರೆ ಸಮವಸ್ತ್ರ ತೊಟ್ಟ ನಾಗರಿಕನಷ್ಟೇ ಎಂಬ ತತ್ವವನ್ನು ಮೊದಲೇ ಇಟ್ಟುಕೊಂಡು, ಮಾನವ ಘನತೆಗೆ ಧಕ್ಕೆ ತರುವ ಆದೇಶವನ್ನು ಪಾಲಿಸಬೇಕಿಲ್ಲ, ಅಪರಾಧವಾಗುವ ಆದೇಶವನ್ನು ಪಾಲಿಸಲೇಕೂಡದು ಎಂದು ಕಾನೂನಿನಲ್ಲೇ ಬರೆದರು. ಸಶಸ್ತ್ರ ಕಾರ್ಯಾಚರಣೆಗೆ ಸೈನಿಕರನ್ನು ವಿದೇಶಕ್ಕೆ ಕಳುಹಿಸಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕೆಂದು ಸಾಂವಿಧಾನಿಕ ನ್ಯಾಯಾಲಯ 1994ರಲ್ಲಿ ತೀರ್ಪಿತ್ತಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮತ್ತೊಂದು ವ್ಯವಸ್ಥೆ. ಸೇನೆಯ ಮೇಲೆ ಕಣ್ಣಿಡಲು ಸಂಸತ್ತೇ ನೇಮಿಸುವ ಒಬ್ಬ ಆಯುಕ್ತರ ಹುದ್ದೆಯನ್ನು 1956ರಲ್ಲಿ ಸಂವಿಧಾನಕ್ಕೆ ಸೇರಿಸಲಾಯಿತು. ಯಾವುದೇ ದರ್ಜೆಯ ಸೈನಿಕ ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಈ ಆಯುಕ್ತರಿಗೆ ನೇರವಾಗಿ ಪತ್ರ ಬರೆಯಬಹುದು. ಹಾಳುಬಿದ್ದ ಸ್ನಾನಗೃಹ, ಸಾಕಾಗದ ಉಪಕರಣ, ಭರ್ತಿಯಾಗದ ಹುದ್ದೆ, ಅಧಿಕಾರಿಯ ದುರ್ನಡತೆ, ಎಲ್ಲವೂ ಪ್ರತಿ ವರ್ಷ ವರದಿಯಾಗಿ ಸಂಸತ್ತಿನ ಮುಂದೆ ಬರುತ್ತವೆ ಮತ್ತು ಪತ್ರಿಕೆಗಳಲ್ಲಿ ಚರ್ಚೆಯಾಗುತ್ತವೆ. ಸೇನೆಯನ್ನು ಹೊಗಳಲು ಹಿಂಜರಿಯುವ ಸಮಾಜವೇ ಸೈನಿಕನ ಅಹವಾಲಿಗೆ ಇಷ್ಟು ದೊಡ್ಡ ಬಾಗಿಲು ತೆರೆದಿಟ್ಟಿದೆ.

ನಮ್ಮಲ್ಲಿ ಪ್ರೀತಿಗೆ ಕೊರತೆಯಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಪಾತದಲ್ಲಿ ಹೂತುಹೋಗಿ, ಆರು ದಿನಗಳ ನಂತರ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ದೇಶ ಪ್ರಾರ್ಥಿಸಿತು. ಅವರು ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಸಾವಿರಾರು ಜನ ಸೇರಿದರು. ಆ ದುಃಖ ನಿಜವಾದದ್ದು, ಅದನ್ನು ಲಘುವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಅದಕ್ಕೆ ಹಿಂದಿನ ವರ್ಷವಷ್ಟೇ ಸಮಾನ ಹುದ್ದೆಗೆ ಸಮಾನ ಪಿಂಚಣಿ ಬೇಡಿ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕುಳಿತಿದ್ದ ವೃದ್ಧ ಮಾಜಿ ಸೈನಿಕರನ್ನು ಸ್ವಾತಂತ್ರ್ಯ ದಿನದ ಮುನ್ನಾದಿನ ಪೊಲೀಸರು ಎಬ್ಬಿಸಲು ಹೋಗಿದ್ದರು. 2017ರಲ್ಲಿ ಗಡಿ ಭದ್ರತಾ ಪಡೆಯ ಯೋಧರೊಬ್ಬರು ಸುಟ್ಟ ರೊಟ್ಟಿ, ನೀರಾದ ಬೇಳೆಸಾರಿನ ವಿಡಿಯೋ ಹಾಕಿದಾಗ ದೇಶವೆಲ್ಲ ನೋಡಿತು. ಕೆಲವು ತಿಂಗಳುಗಳಲ್ಲಿ ಶಿಸ್ತು ಮುರಿದ ಆರೋಪದ ಮೇಲೆ ಅವರು ಕೆಲಸ ಕಳೆದುಕೊಂಡರು. ಅವರ ದೂರು ಸರಿಯೋ ತಪ್ಪೋ ಎಂಬುದಕ್ಕಿಂತ, ಹೇಳಿಕೊಳ್ಳಲು ಮೊಬೈಲಿಗಿಂತ ನಂಬಿಕಸ್ಥ ಜಾಗ ಅವರಿಗೆ ಕಾಣಲಿಲ್ಲವೇಕೆ ಎಂಬ ಪ್ರಶ್ನೆ ನನಗೆ ದೊಡ್ಡದು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಿಂದ ಇದೆ, ನಿಜ. ಆದರೆ ಗಡಿ ಭದ್ರತಾ ಪಡೆ ಅದರ ವ್ಯಾಪ್ತಿಗೆ ಬರುವುದಿಲ್ಲ, ಬರುವ ಪಡೆಗಳಿಗೂ ಅದು ಸೇವಾ ವ್ಯಾಜ್ಯಗಳ ನ್ಯಾಯಾಲಯ, ಅಡುಗೆಮನೆಯ ಬೇಳೆಸಾರು ಅಲ್ಲಿಗೆ ಹೋಗುವಂಥದ್ದಲ್ಲ. ಕೊಡಗಿನ ಮಾತು ಬೇರೆ: ಕಾರ್ಯಪ್ಪ, ತಿಮ್ಮಯ್ಯನವರ ಆ ನಾಡಿನಲ್ಲಿ ಸೈನಿಕ ಭಾವನೋ ಮಾವನೋ ಆಗಿರುವುದರಿಂದ ಅವನ ಕಷ್ಟ ಮನೆಮಾತಾಗಿರುತ್ತದೆ. ಉಳಿದೆಡೆ ನಿವೃತ್ತ ಹವಾಲ್ದಾರರನ್ನು ನಾವು ಹೆಚ್ಚಾಗಿ ನೆನೆಯುವುದು ಕ್ಯಾಂಟೀನಿನ ಅಗ್ಗದ ಬಾಟಲಿಗಾಗಿ.

ಹಾಗೆಂದು ಜರ್ಮನ್ ತಣ್ಣನೆಯ ಧೋರಣೆಯನ್ನು ನಾನು ಆದರ್ಶವೆನ್ನಲಾರೆ. ಸುಮಾರು ಇಪ್ಪತ್ತು ವರ್ಷಗಳ ಅಫ್ಘಾನಿಸ್ತಾನ ಕಾರ್ಯಾಚರಣೆಯಲ್ಲಿ 59 ಜರ್ಮನ್ ಸೈನಿಕರು ಸತ್ತರು. 2021ರ ಜೂನ್ ಕೊನೆಯಲ್ಲಿ ಕೊನೆಯ ತಂಡ ಹ್ಯಾನೋವರ್ ಬಳಿಯ ವುನ್ಸ್‌ಟೋರ್ಫ್‌ಗೆ ಬಂದಿಳಿದಾಗ ಸ್ವಾಗತಿಸಲು ರಕ್ಷಣಾ ಸಚಿವೆಯೂ ಇರಲಿಲ್ಲ. ಟೀಕೆ ಬಂದ ಮೇಲೆ ಅಕ್ಟೋಬರಿನಲ್ಲಿ ಸಂಸತ್ ಭವನದ ಮುಂದೆ ಪಂಜು ಹಿಡಿದು ಸಾಂಪ್ರದಾಯಿಕ ಗೌರವ ಸಲ್ಲಿಸಿದರೆ, ಆ ಪಂಜುಗಳು ನಾಜಿ ಮೆರವಣಿಗೆಯನ್ನು ನೆನಪಿಸುತ್ತವೆಂದು ಮತ್ತೆ ಗಲಾಟೆಯಾಯಿತು. ಮಾಜಿ ಸೈನಿಕರಿಗಾಗಿ ಒಂದು ರಾಷ್ಟ್ರೀಯ ದಿನ ಮೊದಲ ಬಾರಿಗೆ ಆಚರಣೆಯಾಗಲು 2025ರ ಜೂನ್ ಬರಬೇಕಾಯಿತು. ಮಗನನ್ನು ಕಳೆದುಕೊಂಡ ತಾಯಿಗೆ ಸಂಸತ್ತಿನ ವರದಿ ಸಮಾಧಾನ ಹೇಳುವುದಿಲ್ಲ. ಆ ಹೊತ್ತಿಗೆ ಬೆಟದೂರಿನ ಜನ ಬೇಕು.

ಆದರೂ ಜರ್ಮನಿಯಿಂದ ಒಂದನ್ನು ಊರಿಗೆ ಒಯ್ಯಬಹುದಾದರೆ ನಾನು ಆ ಆಯುಕ್ತರ ಹುದ್ದೆಯನ್ನೇ ಒಯ್ಯುವೆ. ಸೈನಿಕರು ಹೀಗೆ ದೂರು ಹೇಳತೊಡಗಿದರೆ ಶಿಸ್ತು ಕುಸಿಯುತ್ತದೆ ಎಂಬ ಆಕ್ಷೇಪ ನಮ್ಮಲ್ಲಿ ಖಂಡಿತ ಬರುತ್ತದೆ. ಆದರೆ ಉಕ್ರೇನ್ ಯುದ್ಧ ಶುರುವಾದ ಮೇಲೆ ಜರ್ಮನಿ 2022ರಲ್ಲಿ ತನ್ನ ಸೇನೆಗೆ 100 ಬಿಲಿಯನ್ ಯೂರೋಗಳ ವಿಶೇಷ ನಿಧಿ ಘೋಷಿಸಬೇಕಾಗಿ ಬಂದದ್ದು ಸೈನಿಕರು ದೂರು ಹೇಳಿದ್ದರಿಂದಲ್ಲ. ಉಪಕರಣಗಳ ಕೊರತೆ ಅದಕ್ಕೂ ಎಷ್ಟೋ ಮೊದಲೇ ಆ ವಾರ್ಷಿಕ ವರದಿಗಳಲ್ಲಿ ಅಚ್ಚಾಗಿತ್ತು, ಓದಿದವರು ಹಣ ಕೊಟ್ಟಿರಲಿಲ್ಲ.