ಎರಡನೇ ಮೂಟೆ

ಅಕ್ಕಿಗೆ ಹುಳ ಬಿದ್ದಿದೆ. ಒಂದೇ ಮೂಟೆ ತಂದಿದ್ರೆ ಬೀಳ್ತಿರ್ಲಿಲ್ಲ, ಎರಡು ತಂದಿದ್ದಕ್ಕೇ ಬಿದ್ದಿದ್ದು ಅನ್ನೋದು ನಮ್ಮನೆಯವಳ ತೀರ್ಪು, ಅದಕ್ಕೆ ಅಪೀಲು ಇಲ್ಲ. ಅಂಗಡಿಯವನು "ಸಾರ್, ಮುಂದಿನ ತಿಂಗಳು ರೇಟು ಏರುತ್ತೆ, ಈಗ್ಲೇ ಇನ್ನೊಂದು ಹಾಕ್ಕೊಂಡ್ಬಿಡಿ" ಅಂದ, ಹಾಕ್ಕೊಂಡ್ಬಿಟ್ಟೆ. ಮನೇಲಿರೋದು ಮೂರು ಜನ, ಅದ್ರಲ್ಲಿ ಇಬ್ಬರಿಗೆ ಶುಗರ್ರು, ರಾತ್ರಿ ಚಪಾತಿ. ಸೋನಾಮಸೂರಿ 25 ಕೆಜಿದು ಎರಡು.

ಟೆರೇಸ್ ಮೇಲೆ ನೆರಳಲ್ಲಿ ಹರವೋಣ ಅಂದ್ರೆ ಬೀಗದ ಕೀ ಅಸೋಸಿಯೇಷನ್ ಸೆಕ್ರೆಟರಿ ಹತ್ರ ಇದೆ, ಅವ್ರು ಊರಲ್ಲಿಲ್ಲ, ಇದ್ರೂ ಕೊಡೋ ಪೈಕಿ ಅಲ್ಲ. ಹಂಗಾಗಿ ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಪೇಪರ್ ಹಾಸ್ಕೊಂಡು ನಾನು, ಅಮ್ಮ, ಮಧ್ಯದಲ್ಲಿ ಮೊರ. ನಾನು ಒಂದು ಹುಳ ಹಿಡಿಯೋ ಅಷ್ಟರಲ್ಲಿ ಅಮ್ಮ ಒಂದು ಸೇರು ಮುಗಿಸಿರ್ತಾಳೆ. ಮುಗಿಸಿ, ತಲೆ ಎತ್ತದೇ ಅಂದ್ಲು: "ಲಕ್ಕಮ್ಮ ಇದ್ದಿದ್ರೆ ನಿನ್ನನ್ನ ಬಾಗಿಲಿಂದಾನೇ ವಾಪಸ್ ಕಳಿಸ್ತಿದ್ಲು ಕಣೋ."

ಆಯ್ದಕ್ಕಿ ಲಕ್ಕಮ್ಮ, ಬಸವಣ್ಣನ ಕಾಲದ ಶರಣೆ. ಈ ಕಥೆ ನಾನು ಚಿಕ್ಕಂದಿನಿಂದ ಕೇಳಿದೀನಿ, ಪ್ರತಿ ಸಲಾನೂ ನನಗೆ ಪಾಪ ಅನ್ಸೋದು ಅವಳ ಗಂಡ ಮಾರಯ್ಯನ್ನ ನೋಡಿ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಅಷ್ಟು ದೂರ ಕಲ್ಯಾಣಕ್ಕೆ ಬಂದ ಮನುಷ್ಯ, ಬಸವಣ್ಣನ ಮಹಾಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆರಿಸ್ಕೊಂಡು ಬಂದ್ರೆ ಅದೇ ಅವತ್ತಿನ ದಾಸೋಹ. ಒಂದಿನ ಕಾಳು ಜಾಸ್ತಿ ಬಿದ್ದಿತ್ತು, ಬಸವಣ್ಣನೇ ಪರೀಕ್ಷೆ ಮಾಡೋಕೆ ಚೆಲ್ಲಿಸಿದ್ದ ಅಂತಾರೆ, ಈತ ಪಾಪ ಜಾಸ್ತಿ ಇದೆಯಲ್ಲ ಅಂತ ಜಾಸ್ತಿ ತಂದ. ಹೆಂಡ್ತಿ ಖುಷಿಪಡ್ತಾಳೆ ಅಂತ ದಾರಿಯುದ್ದಕ್ಕೂ ಅಂದ್ಕೊಂಡಿರ್ತಾನೆ, ಗಂಡಸರಿಗೆ ಇದೆಲ್ಲ ಗೊತ್ತಾಗುತ್ತೆ. ಅವಳು ನೋಡಿದ್ಲು, ಇವತ್ತು ಬೇಕಾಗಿದ್ದಕ್ಕಿಂತ ಹೆಚ್ಚಿದೆ, ದೇವರು ಒಪ್ಪಲ್ಲ, ಎಲ್ಲಿಂದ ತಂದ್ಯೋ ಅಲ್ಲೇ ಸುರಿದು ಬಾ ಅಂದ್ಲು. ಹೋಗಿ ಸುರಿದು ಬಂದ! ಒಂದು ಮಾತೂ ಎದುರಾಡದೆ. ಅವನಿಗೆ ಆ ಸೌಲಭ್ಯ ಆದ್ರೂ ಇತ್ತು, ನಮ್ಮ ಅಂಗಡಿಯವನು ಬಾಯಿ ಬಿಚ್ಚಿದ ಮೂಟೆ ವಾಪಸ್ ತಗೊಳಲ್ಲ.

ಮಾರಯ್ಯನ ವಿಷ್ಯದಲ್ಲಿ ನನಗೆ ಇನ್ನೊಂದು ಸಿಟ್ಟಿದೆ. 'ಕಾಯಕವೇ ಕೈಲಾಸ' ಅನ್ನೋ ಮಾತು ಬಂದಿರೋದು ಅವನ ವಚನದಲ್ಲಿ. ಅದನ್ನ ಬೋರ್ಡ್ ಬರೆಸೋರೆಲ್ಲ ಕೆಳಗೆ ಬಸವಣ್ಣ ಅಂತ ಹಾಕಿ ಕೂತಿದಾರೆ. ಬಿದ್ದಿದ್ದನ್ನ ಆರಿಸ್ಕೊಂಡು ಬದುಕಿದವನ ಮಾತನ್ನೂ ಬಿಡ್ಲಿಲ್ಲ ನೋಡಿ, ಎತ್ತಿ ದೊಡ್ಡೋರ ಹೆಸರಿಗೆ ಹಾಕಿದ್ರು. ನಾನು ಹಿಂದೆ ಕೆಲಸ ಮಾಡ್ತಿದ್ದ ಆಫೀಸಲ್ಲೂ ಆ ಬೋರ್ಡ್ ಇತ್ತು, ಶನಿವಾರ ಬನ್ನಿ ಅನ್ನೋವಾಗ ಮ್ಯಾನೇಜರು ಅದನ್ನೇ ತೋರಿಸ್ತಿದ್ದ. ಅವನು ಬರ್ತಿರ್ಲಿಲ್ಲ.

ಆಮೇಲೆ ಆ ಹಿಡಿಯಷ್ಟು ಅಕ್ಕಿಯಲ್ಲೇ ಲಕ್ಕಮ್ಮ 1,96,000 ಜಂಗಮರಿಗೆ ಊಟ ಹಾಕಿದ್ಲು ಅಂತ ಕಥೆ. ಹುಳ ಆರಿಸ್ತಾ ಆರಿಸ್ತಾ ನನಗೆ ಲೆಕ್ಕ ಹಾಕೋ ಚಪಲ ಹತ್ತಿತು, ತಲೆಗೆ 100 ಗ್ರಾಂ ಹಿಡಿದ್ರೂ 19,600 ಕೆಜಿ, 25 ಕೆಜಿ ಮೂಟೆ ಲೆಕ್ಕದಲ್ಲಿ 784 ಮೂಟೆ. ಜೋರಾಗಿ ಹೇಳಿದೆ. ಅಮ್ಮ ಇದು ಪವಾಡ ಕಣೋ, ಭಕ್ತಿ ಕಣೋ ಅಂತೆಲ್ಲ ಹೇಳ್ತಾಳೆ ಅಂದ್ಕೊಂಡ್ರೆ, "ನೂರು ಗ್ರಾಂ ಎಲ್ಲಿ ಸಾಕಾಗುತ್ತೆ, ಅವ್ರು ಊರಿಂದೂರಿಗೆ ನಡ್ಕೊಂಡು ಬಂದಿರ್ತಾರೆ, ನೂರೈವತ್ತು ಹಾಕು" ಅಂದ್ಲು. ಹಾಕಿದೆ. 1,176 ಮೂಟೆ.

ಈ ಅಮ್ಮನ ಸಾಮಾನು ಅಂತ ನಮ್ಮನೇಲಿ ಇರೋದು ಒಂದು ಟ್ರಂಕು, ಅದೂ ಅರ್ಧ ಖಾಲಿ. ದಿನಾ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಇಟ್ಕೊಂಡು ಅರ್ಧ ಗಂಟೆ ಕೂತಿರ್ತಾಳೆ, ಕುಕ್ಕರ್ ಕೂಗಿದ್ರೂ ಏಳಲ್ಲ. ಒಂದ್ಸಲ ಏನಮ್ಮಾ ಕೇಳ್ಕೋತೀಯ ಅಷ್ಟೊತ್ತು ಅಂದಿದ್ದೆ. "ಕೇಳೋದೇನಿದೆ, ಸುಮ್ನೆ ನೋಡ್ತಿರ್ತೀನಿ" ಅಂದ್ಲು. ಆಮೇಲೆ ನಾನೂ ಎರಡು ದಿನ ಟ್ರೈ ಮಾಡಿದೆ. ಕಣ್ಣು ಮುಚ್ಚಿದ ತಕ್ಷಣ ಕಾರಿನ ಇನ್ಶೂರೆನ್ಸು, ಗೀಸರ್‌ದು ಗ್ಯಾರಂಟಿ ಕಾರ್ಡ್ ಎಲ್ಲಿಟ್ಟೆ, ಇಂಥವೇ ಒಂದರ ಹಿಂದೆ ಒಂದು ಬರೋಕೆ ಶುರುವಾದ್ವು. ಮೂರನೇ ದಿನ ಎದ್ದು ಆ ಕಾರ್ಡ್ ಹುಡುಕಿದೆ. ಸಿಗ್ಲಿಲ್ಲ, ಅದೂ ಇಲ್ಲ ಇದೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊದಲ ಮೂಟೆ ಕ್ಲೀನಾಯ್ತು, ಅಮ್ಮ ಒಣಗಿದ ಬೇವಿನ ಸೊಪ್ಪು ಹಾಕಿ ಡಬ್ಬಕ್ಕೆ ತುಂಬಿಸಿದ್ಲು. ಎರಡನೇದರ ಹೊಲಿಗೆ ಇನ್ನೂ ಬಿಚ್ಚಿಲ್ಲ. "ಅದನ್ನ ಹಂಗೇ ತಗೊಂಡ್ಹೋಗಿ ಸಿದ್ಧಗಂಗೆಗೆ ಕೊಟ್ಬಿಡು, ಸಾವಿರಾರು ಮಕ್ಕಳು ಊಟ ಮಾಡ್ತವೆ, ನಿನಗ್ಯಾಕೆ" ಅಂದ್ಲು. ನಮ್ಮನೆಯವಳೂ ಅಡುಗೆಮನೆಯಿಂದ್ಲೇ "ಹೂಂ ರೀ" ಅಂದ್ಲು, ಇವರಿಬ್ರೂ ಒಂದೇ ಪಾರ್ಟಿ ಆಗೋದು ವರ್ಷಕ್ಕೊಂದ್ಸಲ. ನಾನೂ ಸರಿ ಅಂದೆ. ಕಾರಿಗೆ ಹಾಕೋಕೆ ಅಂತ ಎತ್ತಿ ಲಿಫ್ಟ್ ತನಕ ಹೋದೋನು, ಯಾವುದಕ್ಕೂ ಇರಲಿ ಅಂತ ಅಂಗಡಿಯವನಿಗೆ ಫೋನ್ ಮಾಡಿ ಮುಂದಿನ ತಿಂಗಳು ರೇಟು ಏರೋದು ಗ್ಯಾರಂಟೀನಾ ಅಂತ ಕೇಳಿದೆ. ಗ್ಯಾರಂಟಿ ಸಾರ್ ಅಂದ.

ಮೂಟೆ ಸದ್ಯಕ್ಕೆ ಶೂ ರ‍್ಯಾಕ್ ಪಕ್ಕ ಇದೆ. ಅಮ್ಮ ಏನೂ ಕೇಳಿಲ್ಲ.