ಕೂಕುಳು ಹಾಕುವವರ ಊರಲ್ಲಿ

ಹೋದ ತಿಂಗಳು ನಮ್ಮ ಕಾಸರಗೋಡು ಕಡೆಯ ಒಂದು ಸಭಾಂಗಣದಲ್ಲಿ ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಆದರೂ ಓದಿ.

ವೇದಿಕೆಯಲ್ಲಿ ಇದ್ದವಳು ನಮ್ಮ ಊರಿನದೇ ಹುಡುಗಿ. ಹೆಸರು ಬೇಡ, ಅವಳಿಗೆ ಇಷ್ಟವಾಗಲಿಕ್ಕಿಲ್ಲ. ಹಾಡಿಲ್ಲ, ಮಾತಿಲ್ಲ, ತಾಳ ಮದ್ದಳೆ ಏನೂ ಇಲ್ಲ. ಮೊದಲು ಬರೀ ಉಸಿರು. ಆಮೇಲೆ ನಾಲಗೆಯಲ್ಲಿ ಟಕ್ ಟಕ್. ಆಮೇಲೆ ಗಂಟಲಿನ ಆಳದಿಂದ ಒಂದು ಗೊರಗೊರ. ಕಾಲ ಹತ್ತಿರ ಲೂಪ್ ಪೆಡಲ್ ಇತ್ತು. ಅದನ್ನು ಒತ್ತಿದರೆ ಈಗಷ್ಟೇ ಮಾಡಿದ ಸದ್ದು ಸುತ್ತಿ ಸುತ್ತಿ ಬರುತ್ತದೆ, ಅದರ ಮೇಲೆ ಇನ್ನೊಂದನ್ನು ಕೂರಿಸಬಹುದು. ನೋಡ್ತಾ ನೋಡ್ತಾ ಒಬ್ಬಳೇ ಒಂದು ಗದ್ದೆ ತುಂಬ ಜನ ಆದಳು.

ಮುಂದಿನ ಸಾಲಿನಲ್ಲಿ ನಗು ಶುರುವಾಯಿತು. ಹಿಂದಿನಿಂದ ಯಾರೋ "ಮೈಕ್ ಟೆಸ್ಟ್ ಮುಗೀತಾ?" ಎಂದು ಕೂಗಿದರು. ಅವಳು ನಿಲ್ಲಿಸಲಿಲ್ಲ. ಕೊನೆಗೆ ಹಿರಿಯರೊಬ್ಬರು ಎದ್ದು ಕೇಳಿದ್ದು, "ಇದು ಯಾವ ಭಾಷೆ?"

ಆ ಪ್ರಶ್ನೆಗೆ ನನಗೆ ಸಿಟ್ಟು ಬರಲಿಲ್ಲ. ನಮ್ಮೂರಲ್ಲಿ ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಬೋರ್ಡಿನಿಂದ ಹಿಡಿದು ಶಾಲೆಯ ಮೇಷ್ಟ್ರವರೆಗೆ ಎಲ್ಲದಕ್ಕೂ ನಾವು ಅದನ್ನೇ ಕೇಳಿಕೊಂಡು ಬಂದಿದ್ದೇವೆ. ಕನ್ನಡ ಮೀಡಿಯಂನಲ್ಲಿ ಓದಿದವನು ನಾನು, ಮುಂದೆಯೂ ಕೇಳುವವನೇ. ಆದರೆ ಆ ಸಂಜೆ ನನಗೆ ಕೇಳಿಸಿದ್ದು ಕನ್ನಡ, ತುಳು, ಮಲಯಾಳ ಎಂದು ಬೇರೆಯಾಗುವ ಮೊದಲಿನ ದನಿ. ಮಗು ಮಾತು ಕಲಿಯುವ ಮೊದಲು ತೆಗೆಯುತ್ತದಲ್ಲ, ಆ ದನಿ. ಅದು ಎಲ್ಲರದ್ದೂ ಹೌದು.

ನನಗೆ ನೋವಾದದ್ದು ನಗುವಿಗೆ. ಯಾಕೆ ಅಂದರೆ ನಗುವ ಇದೇ ಜನ ಇಡೀ ರಾತ್ರಿ ಯಕ್ಷಗಾನ ಆಟ ನೋಡಿದವರು. ಜನರ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಮಹಿಷಾಸುರ ಅಬ್ಬರಿಸಿಕೊಂಡು ಬರುವಾಗ ಮೈಯೆಲ್ಲ ಜುಮ್ಮೆಂದು ಎದ್ದು ನಿಂತವರು. ಆ ಅಬ್ಬರದಲ್ಲಿ ಯಾವ ಶಬ್ದ ಉಂಟು, ಯಾವ ಅರ್ಥ ಉಂಟು? ಭೂತಕೋಲದಲ್ಲಿ ದೈವದ ಕೂಗು ಎದ್ದರೆ ಕೈ ಮುಗಿಯುತ್ತೇವೆ, ಯಾವ ಭಾಷೆ ಎಂದು ಕೇಳುವುದಿಲ್ಲ. ಅಲ್ಲಿ ವೇಷ ಉಂಟು, ಕತೆ ಉಂಟು, ಭಕ್ತಿ ಉಂಟು. ಬರಿಗಾಲಲ್ಲಿ, ಮಾಮೂಲಿ ಬಟ್ಟೆಯಲ್ಲಿ ನಿಂತ ಹುಡುಗಿ ಅದೇ ಗಂಟಲಿನಿಂದ ಅದೇ ಬಲ ತೆಗೆದರೆ ನಮಗೆ ಎಲ್ಲಿ ಇಡಬೇಕು ಎಂದೇ ಗೊತ್ತಾಗುವುದಿಲ್ಲ.

ಹುಡುಗಿ ಅನ್ನುವುದೂ ಉಂಟು. ಆಟದಲ್ಲಿ, ಕೋಲದಲ್ಲಿ ಅಬ್ಬರಿಸುವ ದನಿ ಹೆಚ್ಚಾಗಿ ಗಂಡಸರದ್ದೇ. ಹೆಂಗಸರ ದೊಡ್ಡ ದನಿ ಇದ್ದದ್ದು ನೇಜಿ ನೆಡುವ ಗದ್ದೆಯಲ್ಲಿ, ಓಬೇಲೆ ಹಾಡಿನಲ್ಲಿ, ಗುಡ್ಡೆಗೆ ಹೋದ ದನವನ್ನು ಕರೆಯುವುದರಲ್ಲಿ. ಗದ್ದೆ ಹೋಯಿತು, ಅಡಿಕೆ ಬಂತು, ಆಮೇಲೆ ರಬ್ಬರ್ ಬಂತು. ಆ ದನಿಗೆ ಜಾಗವೇ ಇಲ್ಲ ಈಗ. ಅವಳು ಹುಡುಕುತ್ತಿರುವುದು ಅದನ್ನೇ ಎಂದು ಆಮೇಲೆ ಗೊತ್ತಾಯಿತು.

ಇದು ಈಗಿನ ಹುಚ್ಚು, ಯಾರೂ ಮಾಡದ್ದು ಎಂದುಕೊಳ್ಳಬೇಡಿ. 1960ರ ದಶಕದಲ್ಲೇ ಇಟಲಿಯ ಲುಚಾನೊ ಬೆರಿಯೊ ಒಬ್ಬ ಹೆಂಗಸಿನ ದನಿಗೆಂದೇ ಒಂದು ಕೃತಿ ಬರೆದರು. ನಗು, ಕೆಮ್ಮು, ಗೊಣಗು, ಏದುಸಿರು ಎಲ್ಲವನ್ನೂ ಸ್ವರದ ಹಾಗೆ ಕಾಗದದ ಮೇಲೆ ಇಟ್ಟರು. ಹಾಡಿದವರು ಕ್ಯಾಥಿ ಬರ್ಬೇರಿಯನ್. ಅಮೆರಿಕದ ಮೆರೆಡಿತ್ ಮಾಂಕ್ ಹೆಚ್ಚಾಗಿ ಮಾತೇ ಇಲ್ಲದ ಹಾಡುಗಳನ್ನು ಕಟ್ಟುತ್ತಾ ಬಂದವರು. ಆ ಗೊರಗೊರ ಉಂಟಲ್ಲ, ಅದು ಸುಮ್ಮನೆ ಗಂಟಲು ಹರಿದುಕೊಳ್ಳುವುದಲ್ಲ. ಮಾತಾಡುವ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ, ಅವನ್ನೂ ಅದುರಿಸಲು ಕಲಿಯಬೇಕು. ರಷ್ಯಾದ ತುವಾ ಪ್ರಾಂತ್ಯದ ಕುರಿಗಾಹಿಗಳು ಹೀಗೆಯೇ ಕೆಳಗಿನ ದನಿ ತೆಗೆಯುತ್ತಾರೆ. ತಪ್ಪಾಗಿ ಮಾಡಿದರೆ ಗಂಟಲು ಕೆಡುತ್ತದೆ. ಇವಳು ದಿನಾ ಬೆಳಿಗ್ಗೆ ಒಂದು ಗಂಟೆ ಬರೀ ಉಸಿರಿನ ಅಭ್ಯಾಸ ಮಾಡುತ್ತಾಳೆ. ಉಸಿರು ಒಳಗೆ ಎಳೆದುಕೊಳ್ಳುತ್ತಲೂ ಹಾಡುತ್ತಾಳೆ.

ಮುಂದಿನ ಭಾನುವಾರ ಅವಳನ್ನು ಮನೆಗೆ ಕರೆದೆ. ನಮ್ಮಲ್ಲಿ ಒಂದು ಹಳೆಯ ಸುರಂಗ ಉಂಟು, ಕೇಳಬೇಕು ಅಂದಿದ್ದಳು. ನೋಡಬೇಕು ಅಲ್ಲ, ಕೇಳಬೇಕು.

ಬಾಯಾರು, ಪಡ್ರೆ ಕಡೆಯವರಿಗೆ ಸುರಂಗ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ: ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ, ಎತ್ತರ. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಕೊರೆಯುವವರು ಮೊಂಬತ್ತಿ ಹಿಡಿದು ಹೋಗುತ್ತಿದ್ದರು. ಮೊಂಬತ್ತಿ ನಂದಿದರೆ ಉಸಿರಿಗೆ ಗಾಳಿ ಸಾಲದು ಎಂದು ಹೊರಗೆ ಬರುತ್ತಿದ್ದರು.

ಬರುವ ದಾರಿಯಲ್ಲಿ ಅವಳು ಪಾಲಿನ್ ಒಲಿವೆರೋಸ್ ಎಂಬ ಸಂಗೀತಗಾರ್ತಿಯ ವಿಷಯ ಹೇಳಿದಳು. 1988ರಲ್ಲಿ ಆಕೆ ಮತ್ತು ಇಬ್ಬರು ಗೆಳೆಯರು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನೆಲದಡಿಯ ಒಂದು ಖಾಲಿ ನೀರಿನ ಟ್ಯಾಂಕಿಗೆ ಇಳಿದು ನುಡಿಸಿದರು. ಅಲ್ಲಿ ಒಂದು ಸದ್ದು ಪೂರ್ತಿ ಆರಲು 45 ಸೆಕೆಂಡ್ ಬೇಕಂತೆ. ಆ ರೆಕಾರ್ಡಿಂಗ್ ನಾನೂ ಕೇಳಿದೆ. ಯಾರು ಯಾವಾಗ ನಿಲ್ಲಿಸಿದರು ಎಂದೇ ಗೊತ್ತಾಗುವುದಿಲ್ಲ.

ನಮ್ಮ ಸುರಂಗ ಹಾಗಲ್ಲ. ಮುರಕಲ್ಲು ತೂತು ತೂತು, ಸದ್ದನ್ನು ಕುಡಿಯುತ್ತದೆ. ಅವಳು ಒಳಗೆ ಹೋಗಿ ಪಾದ ಮುಳುಗುವ ನೀರಿನಲ್ಲಿ ನಿಂತಳು. ಹತ್ತು ನಿಮಿಷ ಒಂದು ಸದ್ದೂ ಮಾಡಲಿಲ್ಲ. ಹನಿ ಬೀಳುವುದು, ಬಾವಲಿ ಮಗ್ಗುಲು ಬದಲಿಸುವುದು, ಅಷ್ಟೇ. ಹುಟ್ಟಿದಾಗಿನಿಂದ ಅದೇ ನೀರು ಕುಡಿದವನು ನಾನು, ಎರಡು ಹನಿಗಳ ಸದ್ದು ಬೇರೆ ಬೇರೆ ಎಂದು ಆವತ್ತೇ ಗೊತ್ತಾದದ್ದು. ಆಮೇಲೆ ಅವಳು ಬಾಯಿ ಮುಚ್ಚಿ ಹೂಂಕರಿಸುತ್ತಾ ದನಿಯನ್ನು ಮೆಲ್ಲ ಕೆಳಗಿಳಿಸಿದಳು. ಇಳಿದು ಇಳಿದು ಒಂದು ಕಡೆ ಗೋಡೆಯೇ ಸೇರಿಕೊಂಡಿತು. ದನಿ ಒಮ್ಮೆಲೇ ದಪ್ಪವಾಯಿತು. ಕಲ್ಲಿಗೆ ಇಟ್ಟ ನನ್ನ ಅಂಗೈ ಅದುರಿತು. "ಇದೇ ಇದರ ಸ್ವರ" ಅಂದಳು.

ಅಷ್ಟರಲ್ಲಿ ಹೊರಗಿನಿಂದ ಅಮ್ಮ ಚಾಯಕ್ಕೆ ಕೂಕುಳು ಹಾಕಿದಳು. ತೋಟದ ಆ ಕಡೆ ಇದ್ದವರನ್ನು ಕರೆಯುವ ಅದೇ ಹಳೆಯ ಕೂಗು. ಮೊದಲು ಉದ್ದಕ್ಕೆ, ಕೊನೆಗೆ ತಟ್ಟನೆ ಮೇಲಕ್ಕೆ ಒಡೆಯುವುದು. ಹುಡುಗಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ರೆಕಾರ್ಡರ್ ಆನ್ ಇರಲಿಲ್ಲ.

ಹೊರಗೆ ಓಡಿ ಬಂದು ಇನ್ನೊಮ್ಮೆ ಹಾಕಿ ಎಂದು ಕೇಳಿದಳು. ಅಮ್ಮನಿಗೆ ನಾಚಿಕೆ. "ಯಾರೂ ದೂರ ಇಲ್ಲದೆ ಹೇಗೆ ಹಾಕುವುದು? ಬರುವುದಿಲ್ಲ" ಅಂದಳು. ಹುಡುಗಿ ಒಂದು ಕ್ಷಣ ನಿಂತಳು. ರೆಕಾರ್ಡರನ್ನು ಜಗಲಿಯಲ್ಲಿ ಇಟ್ಟು, ತೋಟ ದಾಟಿ, ತೋಡು ದಾಟಿ, ಆಚೆ ಗುಡ್ಡೆ ಹತ್ತಿದಳು. ಅಲ್ಲಿಂದ ಕೈ ಬೀಸಿದಳು. ಅಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅಂಗಳದ ತುದಿಗೆ ಹೋದಳು.